ಅಣ್ಣ ಕೊಟ್ಟ ಬೈಕು

ಬೆನ್ನಿಗೆ ಬಿದ್ದ ತಮ್ಮನಿಗೇ ಅಣ್ಣ ಹೀಗೆ ಮಾಡಿದ. "ತಗೋ, ಇನ್ಮೇಲೆ ನಿಂದೇ" ಎಂದು ಬೈಕಿನ ಕೀ ಕೊಟ್ಟಾಗ ನಾನು ಪೆದ್ದನಂತೆ ಕಣ್ಣೀರು ಹಾಕಿದ್ದೆ.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೊರಟೆ. ಕೊರೆಯುವ ಚಳಿ. ಅಂಗಿಯೊಳಗೆ ಹಳೇ ಪೇಪರು ತುರುಕಿಕೊಂಡಿದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಸೇತುವೆ ದಾಟಿದ ಮೇಲೆ ಬೆನ್ನು ಮಾತ್ರ ಬೆಚ್ಚಗಾಯಿತು. ಚಳಿಗೆ ಹಿಂದೆ ಕೂತವರು ಮಾಡುವಂತೆ, ಎರಡು ಕೈಗಳು ಮೆಲ್ಲಗೆ ನನ್ನ ಜಾಕೆಟ್ಟಿನ ಜೇಬುಗಳೊಳಗೆ ಬಂದವು. ತಿರುಗಿ ನೋಡಿದರೆ ಸೀಟು ಖಾಲಿ. ತಿರುವಿನಲ್ಲಿ ಬೈಕು ವಾಲಿದಾಗ ಆ ಕೈಗಳು ಬಿಗಿಯಾದವು.

ನೇರ ಅಣ್ಣನ ಮನೆಗೆ ಬಂದೆ. ಅಣ್ಣ ಬಾಗಿಲು ತೆಗೆಯದೆ ಕಿಟಕಿಯಿಂದಲೇ ಕೇಳಿದ, "ಸೇತುವೆ ಹತ್ರ ಹತ್ತಿದ್ಳಾ?"

"ಗೊತ್ತಿದ್ದೂ ನನ್ನ ತಲೆಗೆ ಕಟ್ಟಿದ್ಯಾ?"

"ನಂಗೆ ಹೆಂಡ್ತಿ ಮಕ್ಕಳಿದಾರೆ ಕಣೋ. ನೀನಾದ್ರೆ ಒಂಟಿ" ಎಂದು ಕಿಟಕಿ ಮುಚ್ಚಿದ.

ಬೈಕನ್ನು ಅವನ ಬಾಗಿಲಲ್ಲೇ ಬಿಸಾಕಿ ನಡೆದೆ. ಜೇಬಿನೊಳಗಿನ ಕೈಗಳು ನನ್ನ ಜೊತೆಗೇ ಬಂದವು.