ಏಳು ವರ್ಷದ ಬ್ಯಾಟರಿ

ಮಂಡ್ಯ ಜಿಲ್ಲೆಯ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪೂರಿಗಾಲಿಯ ಶ್ರೀಮತಿ ಅಂಕಮ್ಮನವರು ಅಂದು ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಸರಿಯಾಗಿ ರಾಗಿಮುದ್ದೆ ತಿರುವಿದರು!

ಅಷ್ಟೇ.

ಆದರೆ ಅವರ ಮಣಿಕಟ್ಟಿನ ಪಟ್ಟಿ, "ಅಪಾಯ! ಎದೆಬಡಿತ ನೂರ ಎಂಬತ್ತು!" ಎಂದು ಎರಡು ಫೋನುಗಳಿಗೆ ಸುದ್ದಿ ಮುಟ್ಟಿಸಿಬಿಟ್ಟಿತು.

ಒಂದು ಫೋನು ಚಂದನಳದು. ಹೃದಯದ ಲಯ ತಪ್ಪಿದರೆ ಕೂಗಿ ಹೇಳುವ ಈ ಪಟ್ಟಿಯನ್ನು ಮಾರಾಟಕ್ಕೆ ಮುಂಚೆ ನಲವತ್ತು ಜನರ ಕೈಗೆ ಕಟ್ಟಿ ಪರೀಕ್ಷಿಸುತ್ತಿದ್ದ ತಂಡಕ್ಕೆ ಅವಳೇ ಮುಖ್ಯಸ್ಥೆ. ತಪ್ಪು ಹುಡುಕುವುದೇ ಕೆಲಸ. ಅವ್ವ ತೋರಿಸಿದ ಆರು ಗಂಡುಗಳಲ್ಲೂ ಹುಡುಕಿದ್ದಳು... ಸಿಕ್ಕಿತ್ತು.

ಮಳವಳ್ಳಿಯಿಂದ ಸ್ಕೂಟರಿನಲ್ಲಿ ಹಾರಿ ಬಂದವಳು ಅಂಕಮ್ಮನ ಹೊಸ್ತಿಲಲ್ಲೇ ಒಬ್ಬನಿಗೆ ಡಿಕ್ಕಿ ಹೊಡೆದಳು.

ಇನ್ನೊಂದು ಫೋನಿನವನು! ಮದ್ದೂರಿನ ಯತೀಶ. ಪಟ್ಟಿಯೊಳಗಿನ ಪ್ರೋಗ್ರಾಂ ಬರೆದವನು. ಒಂದು ವರ್ಷದಿಂದ ಇಮೇಲಿನಲ್ಲೇ ಕಾದಾಡಿದ ಇಬ್ಬರೂ ಪರಸ್ಪರ ಮುಖ ನೋಡಿದ್ದು ಅವತ್ತೇ.

ಒಳಗೆ ಅಂಕಮ್ಮ ಬಸ್ಸಾರಿನಲ್ಲಿ ಮುದ್ದೆ ಅದ್ದಿಕೊಂಡು ಉಣ್ಣುತ್ತಿದ್ದರು.

"ಯಾಕ್ರವ್ವಾ ಇಂಗ್ ಓಡ್ಬಂದ್ರಿ? ಯಾರಾರ ಸತ್ತ್ರಾ?"

"ನೀವೇ ಅಂದ್ಕಂಡ್ವಿ ಕಣಮ್ಮ!" ಎಂದ ಯತೀಶ.

ಚಂದನಳಿಗೆ ಅನುಮಾನ ಬಂತು. ಖಾಲಿ ಪಾತ್ರೆಯಲ್ಲಿ ಮತ್ತೊಮ್ಮೆ ಕೋಲು ತಿರುವಲು ಹೇಳಿದಳು. ಪಟ್ಟಿ ಮತ್ತೆ ಕಿರುಚಿತು! ಕೋಲಿನ ಲಯವನ್ನೇ ಅದು ಎದೆಬಡಿತ ಅಂದುಕೊಂಡಿತ್ತು.

"ಬರ್ಕೊಳ್ಳಿ. ತಪ್ಪು ನಂಬರ್ ಎಂಬತ್ನಾಕು."

"ರೀ ಮೇಡಂ, ನಡಿಯೋದು ಐತೆ, ಮೆಟ್ಲು ಹತ್ತೋದು ಐತೆ. ಮುದ್ದೆ ತಿರುವೋದು ಪರೀಕ್ಷೇಲೇ ಇಲ್ಲ!"

"ಮಂಡ್ಯದಲ್ಲಿ ಮುದ್ದೆ ಬುಟ್ಟು ಪರೀಕ್ಷೆ ಮಾಡ್ತಾರೇನ್ರೀ?"

ಅವನ ಕಿವಿ ಕೆಂಪಾಯಿತು. "ನಾನಂದ್ರೇನೇ ಆಗಲ್ಲ ನಿಮ್ಗೆ. ಅಷ್ಟೇಯ."

ಅವನು ಹೋದ ದಾರಿಯನ್ನೇ ಅವಳು ನೋಡಿದಳು. 'ಆಗಲ್ಲ ಅಂತ ಯಾರು ಹೇಳಿದ್ದು?...'

ಮರುದಿನದಿಂದ ಯತೀಶ ತಾನೇ ಪಟ್ಟಿ ಕಟ್ಟಿಕೊಂಡು, ಅಂಕಮ್ಮನ ಒಲೆ ಮುಂದೆ ಕೂತು ಮುದ್ದೆ ತಿರುವತೊಡಗಿದ. ಚಂದನ ಪಕ್ಕದಲ್ಲಿ ಕೂತು ಬಡಿತ ಬರೆದುಕೊಂಡಳು. ಅವನದು. ತನ್ನದನ್ನು ಬರೆಯಲಿಲ್ಲ.

"ಲೇ ಮಗ, ಬರೀ ಗಂಟು ಕಣ್ಲಾ! ಇದ್ನ ಉಂಡ್ರೆ ಪಟ್ಟಿ ಅಲ್ಲ, ನಾನೇ ಕಿರುಚ್ಕತೀನಿ!"

ಇಪ್ಪತ್ತಮೂರನೆಯ ದಿನ ಮುದ್ದೆಯಲ್ಲಿ ಗಂಟಿರಲಿಲ್ಲ. ಪಟ್ಟಿಯೂ ಸುಮ್ಮನಿತ್ತು.

ಆಮೇಲೊಂದು ದಿನ ಅಂಕಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿದ್ದಾಗ ಪಟ್ಟಿ ಕೂಗಿತು. ಈ ಸಲ ನಿಜವಾಗಿಯೂ ಲಯ ತಪ್ಪಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಹೊರಗೆ ಗೋಡೆಗೆ ಮುಖ ಮಾಡಿ ಯತೀಶ ಮಗುವಿನಂತೆ ಅತ್ತ.

ಚಂದನ ಸೋತಿದ್ದು ಅಲ್ಲೇ.

ಆದರೆ ಹೇಳುವಂತಿಲ್ಲ! ಪ್ರೋಗ್ರಾಂ ಬರೆದವನಿಗೂ ಪರೀಕ್ಷಿಸಿದವಳಿಗೂ ಸಂಬಂಧವಿದ್ದರೆ ನಿಯಮದ ಪ್ರಕಾರ ಪರೀಕ್ಷೆಯೇ ರದ್ದು. ನಲವತ್ತು ಪಟ್ಟಿಗಳೂ ವಾಪಸ್. ಅಂಕಮ್ಮನದೂ.

ಅವಳು ಮಹಾಯೋಜನೆ ಹಾಕಿದಳು. ಶುಕ್ರವಾರ ನಾಲ್ಕಕ್ಕೆ ಪರೀಕ್ಷೆ ಮುಗಿಯಿತೆಂದು ಸಹಿ. ನಾಲ್ಕೂ ಐದಕ್ಕೆ ಪ್ರೇಮ. ಸಹಿ ಮೊದಲು, ಸವಿ ಆಮೇಲೆ!

ನಾಲ್ಕಕ್ಕೆ ಸಹಿ ಹಾಕಿದಳು. ನಾಲ್ಕೂ ಐದಕ್ಕೆ ಆಫೀಸಿನ ಮೆಟ್ಟಿಲ ಮೇಲೆ ಅವನ ಪಕ್ಕ ಕೂತಳು.

"ಯತೀಶ್... ನಂಗೆ ನೀವಂದ್ರೆ ಇಷ್ಟ."

ಅವನ ಕಣ್ಣು ತುಂಬಿತು. "ನಂಗೂ ಕಣ್ರೀ. ಎಂಬತ್ನಾಕ್ನೇ ತಪ್ಪಿಂದ..." ಎಂದವನು ತಟ್ಟನೆ ಮಾತು ನಿಲ್ಲಿಸಿದ. "ಸಹಿ ಹಾಕಿದ್ರಲ್ಲ, ಅದ್ರ ಕೊನೇ ಪುಟ ಓದಿದ್ರಾ?"

ಕೊನೆಯ ಪುಟ ಓದದವರನ್ನೆಲ್ಲ ಬೈಯುತ್ತಿದ್ದ ಚಂದನ, ಅವತ್ತು ಗಡಿಯಾರ ನೋಡಿದ್ದಳೇ ಹೊರತು ಪುಟ ನೋಡಿರಲಿಲ್ಲ.

ಅವನು ತನ್ನ ಪ್ರತಿ ತೆರೆದು ತೋರಿಸಿದ. 'ಸದರಿ ಉಪಕರಣದ ಆಯಸ್ಸು ಮುಗಿಯುವವರೆಗೆ ಬರೆದವರಿಗೂ ಪರೀಕ್ಷಿಸಿದವರಿಗೂ ಮದುವೆ, ನೆಂಟಸ್ತನ, ಆಪ್ತ ಸಂಬಂಧ ಇರತಕ್ಕದ್ದಲ್ಲ.' ಕೆಳಗೆ ಅವನದೇ ಕೈಬರಹ: ಆಯಸ್ಸು, ಏಳು ವರ್ಷ.

"ಎರಡೇ ವರ್ಷ ಇತ್ತಲ್ರೀ!"

"ಬ್ಯಾಟ್ರಿ ಬೇಗ ಸಾಯ್ತದೆ ಅಂತ ಬರ್ದೋರು ನೀವೇ ಅಲ್ವಾ? ತಪ್ಪು ನಂಬರ್ ಅನ್ನೊಂದು. ನಿಮ್ಮನ್ನ ಮೆಚ್ಸಣ ಅಂತ... ಏಳು ವರ್ಸ ಬರಂಗ್ ಮಾಡ್ಬುಟ್ಟೆ."

"ನಾನ್ ಕೆಲ್ಸ ಬುಡ್ತೀನಿ."

"ಬುಟ್ರೂ ಸಹಿ ನಿಮ್ದೇ ತಾನೆ? ಅದ್ನ ವಾಪಸ್ ತಗಂಡ್ರೆ, ಅಂಕಮ್ಮನ ಕೈಯಿಂದ ಪಟ್ಟಿ ಬಿಚ್ಚೋರ್ ಯಾರು?"

ಅವನು ಮೆಲ್ಲಗೆ ಒಂದು ಮೆಟ್ಟಿಲು ಕೆಳಗೆ ಸರಿದು ಕೂತ. ಅವಳ ಎದೆ ಮುದ್ದೆಕೋಲಿನಂತೆ ಬಡಿಯುತ್ತಿತ್ತು.

"ಯತೀಶ್... ನಿಜವಾಗ್ಲೂ ಏಳು ವರ್ಷ ಬತ್ತದಾ ಅದು? ಮಧ್ಯದಲ್ಲೇ ಕೆಟ್ಟೋಗಲ್ವಾ?" ಅವಳ ದನಿಯಲ್ಲಿ ಕೊನೆಯ ಆಸೆ ಇತ್ತು.

ಅವನು ತಲೆಯೆತ್ತಿ ನೋಡಿದ. ನಕ್ಕನೋ ಅತ್ತನೋ ತಿಳಿಯಲಿಲ್ಲ.

"ಪರೀಕ್ಷೆ ಮಾಡ್ದೋರು ನೀವು ಕಣ್ರೀ... ಒಂದಿನಾನೂ ಕಮ್ಮಿ ಬರಲ್ಲ."