ಬೆಳಗಿನ ಕಟಕಟ

"ಅಮ್ಮಾ, ಅದೇನು ಸದ್ದು?"

ಯೂನಿಫಾರ್ಮ್ ಹಾಕಿಕೊಂಡು ಕಾರಿನಲ್ಲಿ ಕೂತಿದ್ದ ಮೇಘನ ಕೇಳಿದಳು. ಅಮ್ಮ ಕೀ ತಿರುಗಿಸಿದ ಕೂಡಲೇ ಎಂಜಿನ್ ಒಳಗಿಂದ ಕಟ ಕಟ ಕಟ ಎಂದು ಬಂದಿತ್ತು, ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ತಾನೇ ನಿಂತುಹೋಯಿತು.

"ನಿಮ್ಮಪ್ಪ ಹೇಳ್ತಿದ್ದಿದ್ದು ಇದೇ ಇರ್ಬೇಕು," ಎಂದಳು ಅಮ್ಮ.

ಅಪ್ಪ ತೀರಿಕೊಂಡ ಮೇಲೆ ಇದು ಸ್ಕೂಲಿಗೆ ಹೋಗುವ ಮೊದಲ ದಿನ. ತಿಥಿ ಮುಗಿದು ನೆಂಟರೆಲ್ಲ ಹಿಂದಿನ ದಿನವಷ್ಟೇ ಹೊರಟಿದ್ದರು. ಮನೆಯ ಪವರ್‌ಲೂಮ್‌ಗಳು ಇನ್ನೂ ನಿಂತೇ ಇದ್ದವು. ಪಕ್ಕದ ಮನೆಯ ರಾಮಲಿಂಗಯ್ಯ ತಾತ ತಮ್ಮ ಮಗ್ಗವನ್ನೂ ಶುರು ಮಾಡಿರಲಿಲ್ಲ.

ಮಗ್ಗಗಳು ಓಡುತ್ತಿದ್ದರೆ ಈ ಎರಡೂ ಮನೆಗಳಲ್ಲಿ ಕೂಗಿದರೂ ಕೇಳುವುದಿಲ್ಲ. ಅವು ನಿಲ್ಲುವುದು ಕರೆಂಟ್ ಹೋದಾಗ ಮಾತ್ರ. ಅಪ್ಪ ಇದ್ದಾಗ, ಕೊನೆಕೊನೆಗೆ ಕೆಲವು ದಿನ ಬೆಳಬೆಳಿಗ್ಗೆ ಹಾಗೆ ನಿಂತಿದ್ದವು. ಆಗೆಲ್ಲ ಮೇಘನ ಇನ್ನೊಂದು ನಿದ್ದೆ ಹೊಡೆಯುತ್ತಿದ್ದಳು.

"ಕಾರಿನ ವಾರಂಟಿ ಈ ತಿಂಗಳಿಗೆ ಮುಗಿಯುತ್ತೆ," ಎಂದಳು ಅಮ್ಮ. "ಸಾಯಂಕಾಲ ಹೋಗಿ ಬರೋಣ."

ಸ್ಕೂಲ್ ಬಿಟ್ಟ ಮೇಲೆ ಮಧುರೆ ದಾಟಿ, ನೆಲಮಂಗಲದ ಹತ್ತಿರದ ಷೋರೂಮಿಗೆ ಬಂದರು. ಸರ್ವಿಸ್ ನೋಡಿಕೊಳ್ಳುವ ಶ್ರೀಧರ್ ಕಾರಿನ ನಂಬರ್ ನೋಡಿ ನಕ್ಕರು.

"ಮತ್ತೆ ಅದೇ ಸದ್ದಿನ ಕಂಪ್ಲೇಂಟಾ ಮೇಡಂ? ಸರ್ ಮೂರು ಸಲ ಬಂದಿದ್ರು. ಚೆಕ್ ಮಾಡಿದ್ವಿ, ಏನೂ ಇಲ್ಲ." ಎಂಜಿನ್ ಸ್ಟಾರ್ಟ್ ಮಾಡಿದರು. "ಕೇಳಿ, ಬೆಣ್ಣೆ ಥರ ಇದೆ. ಮಗ್ಗದ ಸದ್ದು ಕೇಳಿ ಕೇಳಿ ಸರ್ ಕಿವೀಲೇ ಏನೋ ಕಟಕಟ ಅಂತಿರ್ಬೇಕು."

"ಅವರು ತೀರ್ಕೊಂಡ್ರು," ಎಂದಳು ಅಮ್ಮ.

ಶ್ರೀಧರ್ ನಗು ನಿಲ್ಲಿಸಿದರು. "ಸಾರಿ ಮೇಡಂ. ನಂಗೆ ಗೊತ್ತಿರ್ಲಿಲ್ಲ."

"ನಾನೂ ಕೇಳಿದೀನಿ ಅಂಕಲ್," ಎಂದಳು ಮೇಘನ. ಇಲ್ಲದ ಸದ್ದನ್ನು ಅಪ್ಪ ಇದೆ ಅಂದರು ಎಂದು ಯಾರೂ ಅಂದುಕೊಳ್ಳಬಾರದಿತ್ತು. ಆದರೆ ಬೆಳಿಗ್ಗೆ ಬಂದ ಸದ್ದು ಈಗ ಎಲ್ಲಿ ಹೋಯಿತು? ಅವಳು ಬಾನೆಟ್ ಮೇಲೆ ಕೈ ಇಟ್ಟಳು. ಸುಟ್ಟ ಹಾಗಾಗಿ ಹಿಂದಕ್ಕೆ ತೆಗೆದುಕೊಂಡಳು. ಬೆಳಿಗ್ಗೆ ಅದೇ ಜಾಗದಲ್ಲಿ ಮಂಜಿನ ಹನಿ ಇತ್ತು.

"ಅಂಕಲ್, ತಣ್ಣಗಿದ್ದಾಗ ಕೇಳಿದೀರಾ?"

"ಅದು ಹೇಗೆ ಪುಟ್ಟಾ? ಅಷ್ಟು ದೂರ ಓಡಿಸ್ಕೊಂಡೇ ತಾನೆ ಎಲ್ರೂ ಬರೋದು."

ಅಮ್ಮ ಮೇಘನಳನ್ನೇ ನೋಡಿದಳು. ಆಮೇಲೆ ಕೀ ತೆಗೆದು ಶ್ರೀಧರ್ ಕೈಗೆ ಕೊಟ್ಟಳು. "ರಾತ್ರಿ ಇಲ್ಲೇ ಇರ್ಲಿ. ನಾಳೆ ನಾವು ಬರೋವರ್ಗೂ ಯಾರೂ ಸ್ಟಾರ್ಟ್ ಮಾಡ್ಬೇಡಿ."

ಡಿಕ್ಕಿ ಖಾಲಿ ಮಾಡುವಾಗ ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಿಕ್ಕಿತು. ಹಿಡಿಗೆ ಕೆಂಪು ರೇಷ್ಮೆ ದಾರ ಸುತ್ತಿತ್ತು. ರಾಮಲಿಂಗಯ್ಯ ತಾತ ತಮ್ಮ ಸಾಮಾನಿಗೆಲ್ಲ ಹಾಗೆ ಸುತ್ತಿಟ್ಟಿರುತ್ತಾರೆ. ಇದು ಕಾರಿನಲ್ಲಿ ಯಾಕಿದೆ ಎಂದು ಅಮ್ಮನಿಗೂ ಗೊತ್ತಿರಲಿಲ್ಲ.

ಮಾರನೆಯ ದಿನ ರಜೆ. ಮೊದಲ ಬಸ್ಸು ಹಿಡಿದು ಬಂದರು. ಶ್ರೀಧರ್ ಕೀ ತಿರುಗಿಸಿದರು.

ಕಟ ಕಟ ಕಟ ಕಟ.

ಮೇಘನ ಅಮ್ಮನ ಕೈ ಹಿಡಿದುಕೊಂಡಳು. ಶ್ರೀಧರ್ ತಲೆ ಕೆರೆದುಕೊಂಡರು.

"ಎಂಜಿನ್ ಚೈನ್ ಬಿಗಿ ಹಿಡಿಯೋ ಪಾರ್ಟ್ ಹೋಗಿದೆ ಮೇಡಂ. ಬದಲಾಯಿಸ್ತೀವಿ, ವಾರಂಟೀಲೇ."

"ಬದಲಾಯಿಸಿದ ಮೇಲೂ ಒಂದು ರಾತ್ರಿ ಇಟ್ಕೊಳ್ಳಿ," ಎಂದಳು ಅಮ್ಮ. "ಬೆಳಿಗ್ಗೆ ಕೇಳೇ ತಗೊಂಡು ಹೋಗ್ತೀವಿ."

ಕಾರು ಸದ್ದಿಲ್ಲದೆ ಮನೆಗೆ ಬಂದ ದಿನ ಮೇಘನ ಸ್ಕ್ರೂಡ್ರೈವರ್ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು. ತಾತನ ಮಗ್ಗ ಮತ್ತೆ ಓಡುತ್ತಿತ್ತು; ಅವಳು ಅವರ ಕಿವಿಯ ಹತ್ತಿರ ಹೋಗಿ ಕೂಗಿದಳು.

"ತಾತ, ಇದು ನಿಮ್ದಲ್ವಾ? ಅಪ್ಪ ಯಾಕೆ ಇಸ್ಕೊಂಡಿದ್ರು?"

ತಾತ ಅದರ ತುದಿಯನ್ನು ಮಗ್ಗದ ಮೋಟಾರಿಗೆ ತಾಗಿಸಿ, ಹಿಡಿಯನ್ನು ಅವಳ ಕಿವಿಗೆ ಒತ್ತಿದರು. ಮೋಟಾರಿನ ಗುರುಗುರು ಅವಳ ತಲೆಯೊಳಗೇ ಕೇಳಿತು. ಆಮೇಲೆ ತಾತ ಮಗ್ಗ ನಿಲ್ಲಿಸಿದರು.

"ಕಾರಿಗೂ ಹಿಂಗೇ ಕಿವಿ ಕೊಡ್ತಿದ್ದ ಕಣವ್ವ. ಬೆಳಗ್ಗೆ ಬೆಳಗ್ಗೆ ಬಂದು, 'ಮಾವ, ನಂದು ನಿಲ್ಸಿದೀನಿ, ನಿಂದೂ ಒಂಚೂರು ನಿಲ್ಸು, ಸದ್ದು ಕೇಳ್ಬೇಕು' ಅನ್ನೋನು."

ಮೇಘನಳಿಗೆ ಆ ಬೆಳಗುಗಳು ನೆನಪಾದವು. ಆಗ ಮಗ್ಗಗಳು ನಿಂತಿದ್ದವು. ಕರೆಂಟ್ ಹೋಯಿತು ಎಂದು ಅವಳು ಮಗ್ಗುಲು ಬದಲಿಸಿದ್ದಳು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಅವಳು ಸಡಿಲವಾಗಿದ್ದ ಕೆಂಪು ದಾರವನ್ನು ಬಿಗಿಯಾಗಿ ಸುತ್ತಿ, ಸ್ಕ್ರೂಡ್ರೈವರನ್ನು ತಾತನ ಕೈಗೆ ಕೊಟ್ಟಳು.