ಬೆಳಕು ಬೀಳದ ಕಪಾಟು

ಬಡಗಿ ಕೈ ಎತ್ತಿದ. ಅವಳು ತಲೆ ಮುಚ್ಚಿಕೊಂಡು ಗೋಡೆಯ ಬುಡದಲ್ಲಿ ಕುಸಿದಳು.

ಬಡಗಿಯ ಕೆಲಸದ ಮೊದಲ ದಿನ ಅದು. ಅವನಿಗೆ ಏನೂ ತೋಚಲಿಲ್ಲ. ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲನ್ನು ಎರಡೇ ಬೆರಳಲ್ಲಿ ಮೆಲ್ಲಗೆ ತೆಗೆದು ತೋರಿಸಿದ.

"ಪೆನ್ಸಿಲ್ ರೀ. ಇದಕ್ಕೇ ಕೈ ಎತ್ತಿದ್ದು."

ಅವಳು ನಾಚಿ ಎದ್ದಳು. ಅವಳ ಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತು. ಅವನು ನೋಡಿದ, ಕೇಳಲಿಲ್ಲ.

ಅವಳ ಅಣ್ಣನ ಅಂಗಡಿಯಲ್ಲಿ ಟೀ ಶರ್ಟುಗಳಿಗೆ ಚಿತ್ರ ಅಚ್ಚು ಹಾಕುತ್ತಾರೆ. ಅದಕ್ಕೆ ಸ್ಕ್ರೀನು ತಯಾರಿಸುವುದು ಅವಳ ಕೆಲಸ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಗೆ ಎಮಲ್ಷನ್ ಎಂಬ, ಬೆಳಕಿಗೆ ಗಟ್ಟಿಯಾಗುವ ದ್ರಾವಣ ಬಳಿದು ಕತ್ತಲಲ್ಲಿ ಒಣಗಿಸಬೇಕು. ಧೂಳು ಕೂತರೆ ಅಚ್ಚಿನಲ್ಲಿ ಚುಕ್ಕೆ. ಬೆಳಕು ತಾಗಿದರೆ ಇಡೀ ಸ್ಕ್ರೀನೇ ಹಾಳು. ಕಳೆದ ತಿಂಗಳು ಧೂಳು ಕೂತಿತ್ತು. ಅಣ್ಣ ಆ ಚೌಕಟ್ಟನ್ನೇ ಅವಳ ಮುಖಕ್ಕೆ ಬೀಸಿದ್ದ. ಹೊಲಿಗೆ ಹಾಕಿಸಿಕೊಂಡು ಬಂದವಳು, ಬಟ್ಟೆ ಇಡುವ ಹಳೆಯ ಮರದ ಬೀರುವನ್ನೇ ಒಣಗಿಸುವ ಕಪಾಟು ಮಾಡುವುದು ಹೇಗೆಂದು ನಕ್ಷೆ ಬರೆದಿದ್ದಳು. ಅದರಂತೆ ಮಾಡಲು ಬಂದವನೇ ಈ ಬಡಗಿ.

ಮರುದಿನದಿಂದ ಬಡಗಿ ಮೊದಲೇ ಹೇಳತೊಡಗಿದ.

"ಕೈ ಎತ್ತುತ್ತಾ ಇದ್ದೀನಿ. ಸ್ಕ್ರೂ ಹಾಕೋಕೆ."

"ಸರಿ."

"ಈಗ ಬೆವರು ಒರೆಸ್ಕೊಳ್ಳೋಕೆ."

"ಅದಕ್ಕೂ ಹೇಳ್ಬೇಕಾ?"

"ನೀವು ನೋಡ್ತಾ ಇದ್ದೀರಲ್ಲ, ಅದಕ್ಕೆ."

ಅವಳ ಕೆನ್ನೆ ಬಿಸಿಯಾಯಿತು. ಗಂಡಸರ ಕೈಗಳ ಮೇಲೆ ಒಂದು ಕಣ್ಣಿಟ್ಟಿರುವುದು ಅವಳಿಗೆ ಉಸಿರಾಟದಷ್ಟೇ ರೂಢಿ. ಈ ಕೈಗಳನ್ನು ಮಾತ್ರ ಭಯ ಮುಗಿದ ಮೇಲೂ ನೋಡುತ್ತಿದ್ದಳು.

ಬೀರುವಿನೊಳಗೆ ಅವನು ಎಂಟು ಜೊತೆ ಪಟ್ಟಿ ಬಡಿದ, ಸ್ಕ್ರೀನುಗಳು ಅಡ್ಡಡ್ಡ ಮಲಗಲೆಂದು. ಕೆಳಗೆ ಗಾಳಿ ಎಳೆಯುವ ಫ್ಯಾನು, ಅದರ ಬಾಯಿಗೆ ಧೂಳು ಸೋಸುವ ಫಿಲ್ಟರ್. ಬಾಗಿಲ ಸಂದಿನಿಂದ ಬೆಳಕು ನುಸುಳದಂತೆ ಅಂಚಿಗೆಲ್ಲ ಕಪ್ಪು ಬಟ್ಟೆ.

"ಇದು ಸರಿಹೋದ್ರೆ ಅಣ್ಣ ಹೊಡೆಯಲ್ಲ," ಎಂದಳು.

ಸುತ್ತಿಗೆ ನಿಂತಿತು. "ಹೊಡೆಯೋನಿಗೆ ಧೂಳೇ ಬೇಕಾ ರೀ?"

ಅವಳು ಕಪ್ಪು ಬಟ್ಟೆಯ ಅಂಚನ್ನು ಮತ್ತೊಮ್ಮೆ ಒತ್ತಿದಳು.

ಪರೀಕ್ಷೆಯ ಮಧ್ಯಾಹ್ನ ಎಂಟೂ ಸ್ಕ್ರೀನು ಒಳಗೆ ಹೋದವು. ಫ್ಯಾನು ನಡುಗುತ್ತಿತ್ತು, ಅದರ ಕೆಳಗೆ ಇಡಲು ರಬ್ಬರು ತರುತ್ತೇನೆಂದು ಬಡಗಿ ಹೊರಗೆ ಹೋದ. ಅವಳು ಬಾಗಿಲಿಗೆ ಕೆನ್ನೆ ಒತ್ತಿ ಪಿಸುಗುಟ್ಟಿದಳು:

"ಇನ್ನೊಂದು ಸ್ವಲ್ಪ ಹೊತ್ತು ನನ್ನಪ್ಪಾ, ಕತ್ತಲಲ್ಲೇ ಇರು."

ಅಣ್ಣ ಹಿಂದೆಯೇ ನಿಂತಿದ್ದ.

"ಯಾವನೇ ಅವನು ಒಳಗೆ?"

ಜಡೆ ಹಿಡಿದು ಎಳೆದು ಅವಳನ್ನು ನೆಲಕ್ಕೆಸೆದ. "ಅಣ್ಣಾ, ತೆಗೀಬೇಡ! ಬೆಳಕು!" ಎನ್ನುವಷ್ಟರಲ್ಲಿ ಬಾಗಿಲು ಕೀಲು ಸಮೇತ ಕಿತ್ತುಬಂತು. ತಲೆಬಾಗಿಲಿಂದ ನುಗ್ಗಿದ ಬಿಸಿಲು ಎಂಟೂ ಸ್ಕ್ರೀನುಗಳ ಮೇಲೆ ಬಿತ್ತು. ಒಳಗೆ ಯಾರೂ ಇರಲಿಲ್ಲ.

ಹಾಳು ಮಾಡಿದ್ದು ತಾನೇ ಎಂದು ತಿಳಿದಾಗ ಅಣ್ಣನ ಸಿಟ್ಟು ನೆತ್ತಿಗೇರಿತು. ಒಂದೊಂದೇ ಸ್ಕ್ರೀನು ಎಳೆದು ಕಪಾಟಿಗೆ ಬಡಿದು ಮುರಿದ. ಪಟ್ಟಿಗಳನ್ನು ಒದ್ದು ಸೀಳಿದ. ಕೊನೆಯ ಚೌಕಟ್ಟಿನ ಮೂಲೆ ಅವಳ ಬಾಯಿಗೆ ಅಪ್ಪಳಿಸಿತು. ನಾಲಿಗೆಯ ತುಂಬ ರಕ್ತ.

ಬಡಗಿ ಓಡಿಬಂದ. ಅಣ್ಣ ಬೀಸಿದ ಚೌಕಟ್ಟು ಅವನ ಎಡಗೈ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಮರುಗಳಿಗೆ ಅಣ್ಣ ನೆಲದ ಮೇಲಿದ್ದ. ಅವನ ಎದೆಯ ಮೇಲೆ ಬಡಗಿಯ ಮೊಣಕಾಲು, ಎತ್ತಿದ ಬಲಗೈಯಲ್ಲಿ ಸುತ್ತಿಗೆ.

ಅವಳು ಬಡಗಿಯ ಮುಖ ನೋಡಿದಳು. ಅದು ಅಣ್ಣನ ಮುಖದಂತೆಯೇ ಇತ್ತು.

"ಹೊಡೆದ್ರೆ ನಾನು ನಿನ್ನ ಜೊತೆ ಬರಲ್ಲ!"

ಕೂಗಿದ ಮೇಲೆ ತಾನೇ ಬೆಚ್ಚಿದಳು. ಬಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ.

ಬಡಗಿಯ ಸುತ್ತಿಗೆ ಮೇಲೆಯೇ ನಿಂತಿತು. ಅವಳ ಕಡೆ ತಿರುಗದೆಯೇ ಕೇಳಿದ:

"ಹೊಡೀದಿದ್ರೆ?"

ಅವಳು ರಕ್ತ ಉಗುಳಿದಳು.

"ಬರ್ತೀನಿ."

"ಎಲ್ಲಿಗೇ ಹೋಗ್ತೀಯ?" ಕೆಳಗಿನಿಂದ ಅಣ್ಣ ಏದುಸಿರಲ್ಲೇ ಗುಡುಗಿದ. "ಕಾಲು ಮುರೀತೀನಿ!"

ಬಡಗಿ ಸುತ್ತಿಗೆಯನ್ನು ಕೋಣೆಯ ಆಚೆ ತುದಿಗೆ ಎಸೆದು ಎದ್ದ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡ. ಅವಳು ಅವನ ಸೊಂಟಕ್ಕೆ ಕೈ ಹಾಕಿದಳು. ಮುರಿದ ಪಟ್ಟಿಗಳ ನಡುವೆ ಬಿದ್ದಿದ್ದ ಅಣ್ಣನನ್ನು ದಾಟಿ ಇಬ್ಬರೂ ಬಿಸಿಲಿಗೆ ಬಂದರು.

"ಮೊದಲು ಆಸ್ಪತ್ರೆ," ಎಂದಳು. "ಆಮೇಲೆ ಪೊಲೀಸ್ ಸ್ಟೇಷನ್."

"ಆಮೇಲೆ?"

"ಪ್ಲೈವುಡ್ ಅಂಗಡಿ. ಈ ಸಲ ಹತ್ತು ಸ್ಕ್ರೀನ್ ಹಿಡಿಸೋ ಹಾಗೆ ಮಾಡೋಣ."